ನಲವತ್ತೊಂದು ಹೆಸರು

ನಮ್ಮೂರಿನಲ್ಲಿ ನನ್ನನ್ನು ‘ಟಿಪ್ಸ್ ಮೇಡಂ’ ಅಂತ ಕರೆಯುತ್ತಾರೆ. ಇಂದುಮತಿ ಅಂತ ಅಪ್ಪ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿಲ್ಲ. ಇಪ್ಪತ್ತಾರು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟದ್ದು ಯಾರಿಗೂ ನೆನಪಿಲ್ಲ. ತಿಂಗಳ ಎರಡನೇ ಶನಿವಾರ ಊರಿನ ನಾಲ್ಕೂ ಶಾಲೆಗಳ ಮೇಷ್ಟ್ರು, ಮೇಡಂಗಳನ್ನು ಕೂರಿಸಿಕೊಂಡು ಮೊಬೈಲು, ಪ್ರೊಜೆಕ್ಟರು, ಇಂಟರ್‌ನೆಟ್ಟು ಅಂತ ಗಂಟಲು ಹರಿದುಕೊಳ್ಳುತ್ತೇನಲ್ಲ, ಅದಷ್ಟೇ ನೆನಪು. ತರಕಾರಿ ಕೊಳ್ಳುವಾಗಲೂ ಬಿಡುವುದಿಲ್ಲ. “ಮೇಡಂ, ಒಂದು ಟಿಪ್ಸ್ ಕೊಡಿ, ನಮ್ಮ ಸ್ಕೂಲಿನ ಸ್ಪೀಕರ್ ಕೊರ್ ಅಂತದೆ” ಅಂತ ಬದನೆಕಾಯಿ ಹಿಡಿದುಕೊಂಡೇ ಕೇಳುತ್ತಾರೆ. ಕೊಡುತ್ತೇನೆ. ಮನೆಗೆ ಹೋದರೆ ನನ್ನ ಮಾತು ಕೇಳುವವರು ಯಾರಿದ್ದಾರೆ, ಅಲ್ಲೇ ಕೊಟ್ಟು ಬರುತ್ತೇನೆ.

ಹೊರಗಿನವರಿಗೆ ನಮ್ಮೂರಿನ ರೀತಿ ಹೇಳಿದರೆ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ, ನನಗೇನು. ಇಲ್ಲಿ ಹಿಡಿದಿಟ್ಟ ದನಿಯಾಗಲಿ, ಓಡುವ ಚಿತ್ರವಾಗಲಿ ಒಂದೇ ಒಂದು ಸಲ ಓಡುತ್ತದೆ. ಊರಿನಲ್ಲಿ ಯಾರಾದರೂ ಒಬ್ಬರು ಓಡಿಸಿದರೆಂದರೆ ಇಡೀ ಊರಿಗೆ ಅದು ಮುಗಿಯಿತು. ಮತ್ತೆ ಒತ್ತಿದರೂ, ಹೊರಗಿನಿಂದ ಮತ್ತೆ ತರಿಸಿದರೂ ಕಪ್ಪು ಪರದೆ. ನಡುವೆ ನಿಲ್ಲಿಸಬಹುದು, ನಿಲ್ಲಿಸಿದಲ್ಲಿಂದ ಮುಂದಕ್ಕೆ ಹೋಗಬಹುದು, ಹಿಂದಕ್ಕೆ ಹೋಗಲು ಮಾತ್ರ ಆಗುವುದಿಲ್ಲ. ನಕಲು ಮಾಡಲು ಹೋದರೂ ಓಡಿಸಿದಂತೆಯೇ ಲೆಕ್ಕ. ಸೇತುವೆ ದಾಟಿಸಿ ಪಕ್ಕದೂರಿಗೆ ಒಯ್ದರೆ ತೆರೆಯುವುದೇ ಇಲ್ಲ. ನಮ್ಮ ಟಾಕೀಸಿನಲ್ಲಿ ಒಂದು ಸಿನಿಮಾಕ್ಕೆ ಒಂದೇ ಆಟ. ಅವತ್ತು ಮುದುಕರು, ಬಾಣಂತಿಯರು ಎಲ್ಲರೂ ಹೋಗುತ್ತಾರೆ. ಮಾರನೆಯ ದಿನ ನಲ್ಲಿಯ ಹತ್ತಿರ ಹಾಡುಗಳನ್ನು ಸೇರಿಸಿ ಕಟ್ಟುತ್ತಾರೆ, ಪಲ್ಲವಿ ಒಬ್ಬಳ ಹತ್ತಿರ, ಚರಣ ಇನ್ನೊಬ್ಬಳ ಹತ್ತಿರ. ಮದುವೆಯ ವಿಡಿಯೊವನ್ನು ಹೆಚ್ಚಿನವರು ತೆರೆಯದೆ ಬೀರುವಿನಲ್ಲೇ ಇಟ್ಟಿರುತ್ತಾರೆ.

ಮುಖ್ಯವಾದದ್ದು ಏನಾದರೂ ಓಡಿಸುವುದಿದ್ದರೆ ನಮ್ಮಲ್ಲಿ ಒಬ್ಬರೇ ಕೂತು ಕೇಳುವ ಪದ್ಧತಿ ಇಲ್ಲ. ಬೇಕಾದವರನ್ನು ‘ಕಿವಿಗೆ ಕರೆಯುತ್ತಾರೆ’. ಅರಿಶಿನ ಕುಂಕುಮಕ್ಕೆ ಕರೆದ ಹಾಗೆ ಮನೆ ಬಾಗಿಲಿಗೇ ಹೋಗಿ ಕರೆಯಬೇಕು. ಬಂದವರಿಗೆ ಪಾಲು ಹಂಚುತ್ತಾರೆ. ಒಬ್ಬರು ಮಾತನ್ನು ಹಿಡಿಯಬೇಕು, ಒಬ್ಬರು ದನಿಯನ್ನು, ಇನ್ನೊಬ್ಬರು ಹಿಂದಿನ ಸದ್ದನ್ನು. ಮುಗಿದ ಮೇಲೆ ಮಗ್ಗಿ ಒಪ್ಪಿಸಿದ ಹಾಗೆ ಒಬ್ಬೊಬ್ಬರಾಗಿ ತಮ್ಮ ಪಾಲು ಒಪ್ಪಿಸುತ್ತಾರೆ. ಆಮೇಲೆ ಬೆಲ್ಲದ ಕಾಫಿ. ಇದನ್ನೇ ನಾನು ಕ್ಲಾಸಿಗೆ ತಂದೆ, ಅಷ್ಟೇ ನನ್ನ ದೊಡ್ಡಸ್ತಿಕೆ. ಹೃದಯ ಬಡಿಯುವ ವಿಡಿಯೊ ತೋರಿಸುವುದಿದ್ದರೆ ಮೊದಲ ಬೆಂಚು ಎಡಗಡೆ ನೋಡಲಿ, ಎರಡನೆಯದು ಬಲಗಡೆ, ಮೂರನೆಯದು ಬಣ್ಣ ಮಾತ್ರ ನೋಡಲಿ, ಕೊನೆಯ ಬೆಂಚು ಕಣ್ಣು ಮುಚ್ಚಿ ಕೇಳಲಿ. ನಿಧಾನದ ವೇಗಕ್ಕೆ ಇಡಿ. ನಡುವೆ ಯಾರದಾದರೂ ಫೋನ್ ಬಂದು ಕೆಡಿಸದ ಹಾಗೆ ಏರೋಪ್ಲೇನಿನ ಗುರುತು ಒತ್ತಿ. ಬೆರಳು ತಾಗಿದರೆ ತಾನೇ ಓಡಲು ಶುರುವಾಗುವ ಆಟೊಪ್ಲೇ ಅನ್ನುವ ಮಾರಿಯನ್ನು ಮೊದಲು ಮುಚ್ಚಿ. ಸ್ಪೀಕರ್ ಇಲ್ಲವೇ, ಮೊಬೈಲನ್ನು ಖಾಲಿ ಸ್ಟೀಲ್ ಡಬ್ಬಿಯಲ್ಲಿ ನಿಲ್ಲಿಸಿ, ದನಿ ದೊಡ್ಡದಾಗುತ್ತದೆ. ಓದುವ ಪುಸ್ತಕ, ನಕ್ಷೆ, ಪ್ರಶ್ನೆಪತ್ರಿಕೆ ಇವೆಲ್ಲ ಎಷ್ಟು ಸಲ ಬೇಕಾದರೂ ತೆರೆಯಬಹುದು, ಅವುಗಳಿಗೆ ಹೆದರಬೇಡಿ.

ಇದಕ್ಕೆಲ್ಲ ಮೊದಲನೆಯ ಟಿಪ್ಸು, ಪ್ರತಿ ಸಲ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆಯುವುದು ಒಂದೇ: ಚೆಕ್ ಮಾಡಬೇಡಿ. ಹೊರಗಿನ ತರಬೇತಿಗಳಲ್ಲಿ ‘ಮೊದಲು ನೀವು ನೋಡಿ, ಆಮೇಲೆ ಮಕ್ಕಳಿಗೆ ತೋರಿಸಿ’ ಅಂತ ಕಲಿಸುತ್ತಾರಂತೆ. ಅವರ ಹೊಟ್ಟೆ ತಣ್ಣಗಿರಲಿ. ನಮ್ಮಲ್ಲಿ ಮೇಷ್ಟ್ರು ನೋಡಿದರೆ ಮಕ್ಕಳಿಗೆ ಇಲ್ಲ. ಯಂತ್ರ ಸರಿಯಿದೆಯೋ ಇಲ್ಲವೋ ನೋಡಲೇಬೇಕಾದರೆ ಶುಭೋದಯದ ವಿಡಿಯೊ ಹಾಕಿ. ನೆಂಟರು ದಿನಾ ಬೆಳಿಗ್ಗೆ ಕಳಿಸುತ್ತಾರಲ್ಲ, ಗುಲಾಬಿ ಹೂವು, ಹಾರುವ ಪಾರಿವಾಳ, ಅವು. ಊರಿನ ಪ್ರತಿ ಶಾಲೆಯಲ್ಲೂ ಅಂಥ ಐವತ್ತು ಅರವತ್ತು ಶುಭೋದಯಗಳನ್ನು ಕೂಡಿಟ್ಟಿರುತ್ತೇವೆ. ಬೇರೆ ಊರಿನವರಿಗೆ ಅವು ಕಸ, ನಮಗೆ ಬಂಗಾರ.

ಇಷ್ಟೆಲ್ಲ ಹೇಳಿಕೊಡುವ ನಾನೇ ಮೂರು ವರ್ಷದ ಹಿಂದೆ ಚೆಕ್ ಮಾಡಿದೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ದಾಕ್ಷಾಯಣಿ ನಮ್ಮ ಶಾಲೆಯ ಇಂಗ್ಲಿಷ್ ಮೇಡಂ. ಸ್ಟಾಫ್ ರೂಮಿನಲ್ಲಿ ಹತ್ತೊಂಬತ್ತು ವರ್ಷ ಅವಳ ಕುರ್ಚಿ, ನನ್ನ ಕುರ್ಚಿ ಅಕ್ಕಪಕ್ಕ. ನನಗೆ ಮದುವೆ ಆಗಲಿಲ್ಲ. ಅವಳಿಗೆ ಆಗಿ ಎರಡೇ ವರ್ಷಕ್ಕೆ ಗಂಡ ಹೋದ. ಅವಳ ಡಬ್ಬಿಯ ಪಲ್ಯ ನನ್ನ ತಟ್ಟೆಗೆ, ನನ್ನ ಚಟ್ನಿಪುಡಿ ಅವಳ ತಟ್ಟೆಗೆ. ನನ್ನನ್ನು ‘ಇಂದೂ’ ಅಂತ ಕರೆಯುತ್ತಿದ್ದವಳು ಈ ಊರಿನಲ್ಲಿ ಅವಳೊಬ್ಬಳೇ. ನಾನು ಬೈಗುಳದ ಬಾಯಿಯವಳು, ಅವಳು ನಗುವವಳು. “ನಿನ್ ಬಾಯಿಗೂ ಒಂದು ಏರೋಪ್ಲೇನ್ ಗುರುತು ಇದ್ದಿದ್ರೆ ಚೆನ್ನಾಗಿತ್ತು ಕಣೇ” ಅನ್ನುತ್ತಿದ್ದಳು.

ಒಂದು ಶನಿವಾರ ನಾನು ಒಂದು ಜಾಲತಾಣದ ವಿಷಯ ಹೇಳಿಕೊಟ್ಟೆ. ಅದರಲ್ಲಿ ಒಂದು ಶಾಲೆಯ ತರಗತಿ ಇನ್ನೊಂದು ಶಾಲೆಯ ತರಗತಿಯನ್ನು ಹುಡುಕಿಕೊಂಡು ಗೆಳೆತನ ಮಾಡಬಹುದು. ಉಳಿದವರು ಆಕಳಿಸಿದರು. ದಾಕ್ಷಾಯಣಿ ಮಾತ್ರ ಅವತ್ತೇ ಕೂತು ಎಲ್ಲೋ ಬೆಟ್ಟದ ಮೇಲಿನ ಒಂದು ಶಾಲೆಯನ್ನು ಹುಡುಕಿದಳು. ವರ್ಷದಲ್ಲಿ ಐದು ತಿಂಗಳು ಹಿಮ ಬೀಳುವ ಜಾಗ. ಅಲ್ಲಿ ಇದ್ದದ್ದು ಹದಿನಾರೇ ಮಕ್ಕಳು. ಇವಳ ಏಳನೇ ಕ್ಲಾಸಿನಲ್ಲಿ ನಲವತ್ತೊಂದು. ಆರು ತಿಂಗಳು ಕಾಗದ ಬರೆಸಿದಳು. ಇವರು ಹುಣಸೆಹಣ್ಣಿನ ವಿಷಯ ಬರೆದರೆ ಅವರು ಹಿಮದ ವಿಷಯ ಬರೆಯುವರು. ಒಂದು ದಿನ ಅಲ್ಲಿಯ ಮೇಷ್ಟ್ರಿಂದ ಸುದ್ದಿ ಬಂತು: ಮಕ್ಕಳು ವಿಡಿಯೊ ಮಾಡಿದ್ದಾರೆ, ಒಂಬತ್ತು ನಿಮಿಷದ್ದು, ನಿಮ್ಮ ನಲವತ್ತೊಂದು ಮಕ್ಕಳನ್ನೂ ಹೆಸರು ಹಿಡಿದು ಕರೆಯುತ್ತಾರೆ.

ಮೂರು ವಾರ ಆ ಕ್ಲಾಸಿನಲ್ಲಿ ಬೇರೆ ಮಾತೇ ಇರಲಿಲ್ಲ. ಟೋಪಿಗಳನ್ನು ಯಾರು ನೋಡಬೇಕು, ಕಿಟಕಿಯ ಆಚೆಗೆ ಯಾರು, ಹಲ್ಲು ಬಿದ್ದವರನ್ನು ಯಾರು ಎಣಿಸಬೇಕು, ಎಲ್ಲ ಹಂಚಿಯಾಯಿತು. ತಮ್ಮ ಹೆಸರು ಬಂದ ಕೂಡಲೇ ಎದ್ದು ನಿಂತು ‘ಹಾಜರ್’ ಅನ್ನಬೇಕು ಅಂತ ದಾಕ್ಷಾಯಣಿ ಹೇಳಿದ್ದಳು. ಅವರಿಗೆ ಕೇಳಿಸುವುದಿಲ್ಲವಲ್ಲ ಅಂದೆ. “ಕೇಳಿಸದಿದ್ರೆ ಏನಾಯ್ತೇ, ಕರೆದವರಿಗೆ ಓ ಅನ್ನಬೇಕಲ್ವಾ” ಅಂದಳು.

ವಿಡಿಯೊವನ್ನು ಶಾಲೆಯ ಕಂಪ್ಯೂಟರಿಗೆ ಇಳಿಸಿಕೊಂಡವಳು ನಾನೇ. ಅವತ್ತು ಬೆಳಿಗ್ಗೆ ಹೊಸ ಪ್ರೊಜೆಕ್ಟರಿನ ದನಿ ಬರುತ್ತಿರಲಿಲ್ಲ. ಕಂಪ್ಯೂಟರ್ ಕೋಣೆಯಲ್ಲಿ ಒಬ್ಬಳೇ ವೈರು ಕಿತ್ತು ಹಾಕುತ್ತಾ ಒಂದು ಶುಭೋದಯ ಒತ್ತಿದೆ. ಒತ್ತಿದ್ದು ಶುಭೋದಯ ಅಂದುಕೊಂಡೆ. ಗೋಡೆಯ ಮೇಲೆ ಹಿಮ ಬಂತು. ಮರದ ಬೆಂಚುಗಳ ಮೇಲೆ ಸಾಲಾಗಿ ಕೂತ ಮಕ್ಕಳು. ಹಲ್ಲು ಬಿದ್ದ ಹುಡುಗಿಯೊಬ್ಬಳು ನೇರ ನನ್ನ ಮುಖ ನೋಡಿ “ನಮಸ್ತೇ ಟೀಚರ್, ಹೇಗಿದ್ದೀರಿ?” ಅಂದಳು. ನಮ್ಮ ಭಾಷೆಯಲ್ಲಿ, ಕಲಿತುಕೊಂಡು ಹೇಳಿದಳು.

ಬೆರಳು ನಿಲ್ಲಿಸುವ ಗುಂಡಿಯ ಮೇಲೇ ಇತ್ತು. ಒತ್ತಿದ್ದರೆ ಐದು ಸೆಕೆಂಡು ಹೋಗುತ್ತಿತ್ತು ಅಷ್ಟೇ. ಏಳನೇ ಕ್ಲಾಸು ಎದುರಿಗೇ, ಓಡಿ ಹೋಗಿ ಕರೆತರಬಹುದಿತ್ತು. ನಾನು ಒತ್ತಲಿಲ್ಲ. ಕೈ ತಪ್ಪಿ ಆಯಿತು ಅಂತ ಹೇಳಿಕೊಳ್ಳಲು ನನಗೆ ಬಾಯಿಲ್ಲ. ಕೈ ತಪ್ಪಿದ್ದು ಐದು ಸೆಕೆಂಡು, ಮಿಕ್ಕಿದ್ದು ಬೇಕಂತಲೇ. ಹೇಗಿದ್ದೀರಿ ಅಂತ ನನ್ನ ಮುಖ ನೋಡಿ ಯಾರೂ ಕೇಳಿ ಎಷ್ಟು ವರ್ಷವಾಗಿತ್ತೋ ದೇವರೇ ಬಲ್ಲ. ದಾಕ್ಷಾಯಣಿ ಕೂಡ ಕೇಳುತ್ತಿರಲಿಲ್ಲ, ದಿನಾ ನೋಡುವವರು ಕೇಳುವುದಿಲ್ಲ. ಚೆನ್ನಾಗಿದೀನಿ ಕಣಮ್ಮ ಅಂತ ಗೋಡೆಗೆ ಹೇಳಿ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಅವರು ಹೆಸರು ಕರೆಯಲು ಶುರುಮಾಡಿದರು. ಒಬ್ಬೊಬ್ಬರ ಪಾಲಿಗೆ ಎರಡು ಮೂರು ಹೆಸರು. ಒಂದು ಹೆಸರು ಕರೆದು ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದರು, ಈ ಕಡೆಯವರು ಓ ಅನ್ನಲಿ ಅಂತ. ಹಾಗಂತ ದಾಕ್ಷಾಯಣಿ ಕಾಗದದಲ್ಲಿ ಬರೆದಿದ್ದಳೋ ಏನೋ. ಆ ಖಾಲಿ ಕೋಣೆಯಲ್ಲಿ ಹೆಸರು, ಮೌನ, ಹೆಸರು, ಮೌನ. ಓ ಅನ್ನುವವರು ಯಾರೂ ಇಲ್ಲ. ಇಪ್ಪತ್ತನೆಯದೋ ಎಷ್ಟನೆಯದೋ ಹೆಸರಿನ ಹೊತ್ತಿಗೆ ನಾನು ಏನು ಮಾಡುತ್ತಿದ್ದೇನೆ ಅಂತ ಗೊತ್ತಾಯಿತು. ಗೊತ್ತಾದ ಮೇಲೂ ನಿಲ್ಲಿಸಲಿಲ್ಲ. ಹೇಗೂ ಹಾಳಾಗಿದೆ, ಪೂರ್ತಿ ನೋಡಿಬಿಡೋಣ ಅಂದುಕೊಂಡೆ. ಎಂಥ ಹೆಂಗಸು ನಾನು!

ಮುಗಿದು ಗೋಡೆ ಕಪ್ಪಾದಾಗ ದಾಕ್ಷಾಯಣಿ ಬಾಗಿಲು ತೆಗೆದಳು. ಅವಳ ಹಿಂದೆ ಮಕ್ಕಳ ಸಾಲು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದಿದ್ದವು.

“ಫೈಲು ಕೆಟ್ಟು ಬಂದಿದೆ ಕಣೇ” ಅಂದೆ. “ತೆರೀತಾನೇ ಇಲ್ಲ.”

ಅವಳು ನನ್ನ ಮುಖವನ್ನೇ ನೋಡಿದಳು. “ನೀನು ನೋಡಿದ್ಯೇನೇ?”

“ಇಲ್ಲಪ್ಪ. ನನಗೇನು ತಲೆ ಕೆಟ್ಟಿದೆಯಾ?”

ಅವಳು ಆ ಶಾಲೆಗೆ ಬರೆದಳು. ಅಲ್ಲಿಯ ಮೇಷ್ಟ್ರಿಗೆ ವರ್ಗವಾಗಿತ್ತು. ಹೊಸಬರು ‘ನಮ್ಮಲ್ಲಿ ಚೆನ್ನಾಗಿ ಓಡುತ್ತಿದೆ ಮೇಡಂ, ಇನ್ನೊಂದು ಸಲ ಒತ್ತಿ ನೋಡಿ’ ಅಂತ ಉತ್ತರ ಕೊಟ್ಟರು. ಅಲ್ಲಿಗೆ ಮುಗಿಯಿತು. ಮಾರನೆಯ ದಿನದಿಂದ ದಾಕ್ಷಾಯಣಿ ಡಬ್ಬಿ ತೆಗೆದುಕೊಂಡು ಹೋಗಿ ಏಳನೇ ಕ್ಲಾಸಿನಲ್ಲೇ ಊಟ ಮಾಡತೊಡಗಿದಳು. ಜಗಳವಾಡಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನಾನೂ ಬೈದು, ಅತ್ತು, ಒಪ್ಪಿಕೊಳ್ಳುತ್ತಿದ್ದೆನೇನೋ. ನಾನು ಮಾಡಿದ್ದು ಒಂದೇ ಕೆಲಸ. ವಿಡಿಯೊ ನೋಡಿದ ದಿನ ಸಂಜೆಯೇ ಮನೆಗೆ ಹೋಗಿ ನೆನಪಿದ್ದಷ್ಟನ್ನೂ ಒಂದು ಹಾಳೆಯ ಮೇಲೆ ಬರೆದೆ. ಯಾರ ಹೆಸರನ್ನು ಯಾರು ಕರೆದರು, ಏನು ಹೇಳಿದರು. ನಲವತ್ತೊಂದರಲ್ಲಿ ಮೂವತ್ತೆಂಟು ಸಿಕ್ಕಿತು. ಮೂರು ಸಿಗಲಿಲ್ಲ. ತಲೆ ಚಚ್ಚಿಕೊಂಡರೂ ಸಿಗಲಿಲ್ಲ. ಹಾಳೆಯನ್ನು ಮಡಿಸಿ ಕನ್ನಡಕದ ಡಬ್ಬಿಯಲ್ಲಿ ಇಟ್ಟೆ.

ಐದು ತಿಂಗಳಾದ ಮೇಲೆ ಅವಳು ರಜೆ ಹಾಕಿದಳು. ಶ್ವಾಸಕೋಶದ ಕಾಯಿಲೆ. ಊರಿನ ಆಚೆ ತುದಿಯಲ್ಲಿ ತಮ್ಮನ ಮನೆಯಲ್ಲಿದ್ದಾಳೆ ಅಂತ ತಿಳಿಯಿತು. ನಡೆದರೆ ಇಪ್ಪತ್ತು ನಿಮಿಷದ ದಾರಿ. ನಾಳೆ ಹೋಗೋಣ, ನಾಡಿದ್ದು ಹೋಗೋಣ ಅಂತ ತಳ್ಳಿದೆ. ಒಂದು ಮಧ್ಯಾಹ್ನ ಅವಳಿಂದ ಮೊಬೈಲಿಗೆ ಒಂದು ದನಿ ಬಂತು. ಒಂದು ನಿಮಿಷ ಐವತ್ತೆರಡು ಸೆಕೆಂಡು. ಕಿವಿಗೆ ಯಾರನ್ನಾದರೂ ಕರೆದು ಕೇಳೋಣ ಅಂದುಕೊಂಡೆ. ಕರೆದರೆ, ಅದರಲ್ಲಿ ‘ನೀನು ನೋಡಿದ್ದೀಯ, ಸುಳ್ಳಿ’ ಅಂತ ಇದ್ದರೆ? ಊರಿಗೆಲ್ಲ ಚೆಕ್ ಮಾಡಬೇಡಿ ಅಂತ ಹೇಳುವ ಟಿಪ್ಸ್ ಮೇಡಂ ಮಕ್ಕಳ ಪಾಲನ್ನು ತಾನೊಬ್ಬಳೇ ನುಂಗಿದಳು ಅಂತ ಬೆಳಗಾಗುವುದರೊಳಗೆ ಊರೆಲ್ಲ ಆಗುತ್ತಿತ್ತು. ಒತ್ತಲಿಲ್ಲ. ಎರಡು ದಿನಕ್ಕೆ ದಾಕ್ಷಾಯಣಿ ಹೋದಳು. ಆಮೇಲೆ ಒತ್ತಲು ಧೈರ್ಯವೇ ಬರಲಿಲ್ಲ.

ಮೂರು ವರ್ಷ. ನಾನಿರುವುದು ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ. ದಿನವಿಡೀ ಕೆಳಗೆ ಗಿರಣಿ ಗುರ್ ಅನ್ನುತ್ತದೆ, ಅದು ನಿಂತ ಮೇಲೆ ಸುಮ್ಮನೆ ಕೂರುತ್ತೇನೆ. ಒಬ್ಬಳೇ ಮಾತಾಡಿಕೊಳ್ಳುವ ಅಭ್ಯಾಸ ಬಂದಿದೆ. ಅಡುಗೆ ಮಾಡಿದರೆ ಉಪ್ಪು ಸರಿಯಿದೆಯಾ ಅಂತ ಕೇಳುತ್ತೇನೆ, ಉತ್ತರವನ್ನೂ ನಾನೇ ಕೊಡುತ್ತೇನೆ. ಸ್ಟಾಫ್ ರೂಮಿನಲ್ಲಿ ಅವಳ ಕುರ್ಚಿಗೆ ಹೊಸ ಮೇಷ್ಟ್ರು ಬಂದಿದ್ದಾನೆ. ಒಳ್ಳೆಯವನೇ, ಕಿವಿಗೆ ವೈರು ಸಿಕ್ಕಿಸಿಕೊಂಡು ಕ್ರಿಕೆಟ್ಟಿನ ಸ್ಕೋರು ಕೇಳುತ್ತಾ ಊಟ ಮಾಡುತ್ತಾನೆ.

ಈ ಮಾರ್ಚಿನಲ್ಲಿ ನನ್ನ ಮೊಬೈಲಿನ ಬೆನ್ನು ಉಬ್ಬಿತು. ಅಂಗಡಿಯ ಗಂಗಣ್ಣ ಹಿಡಿದು ನೋಡಿ “ಬ್ಯಾಟರಿ ಊದಿದೆ ಮೇಡಂ, ಬಿಚ್ಚಿದ್ರೆ ಆಫ್ ಆಗ್ತದೆ, ಮತ್ತೆ ಆನ್ ಆಗ್ತದೋ ಇಲ್ವೋ ಹೇಳಕ್ಕಾಗಲ್ಲ. ಹಳೇ ಮಾಲು. ಒಳಗೆ ಮುಖ್ಯವಾದ್ದು ಏನಾದ್ರೂ ಇದ್ರೆ ಇವತ್ತು ನಾಳೆ ಕಿವಿಗೆ ಕರೆದು ಮುಗಿಸ್ಕೊಂಬಿಡಿ” ಅಂದ.

ಮಾರನೆಯ ದಿನ ಭಾನುವಾರ. ಗಿರಣಿಗೆ ರಜೆ, ಸದ್ದಿಲ್ಲ. ಬೆಳಿಗ್ಗೆಯೇ ಸ್ನಾನ ಮಾಡಿ, ಕಿಟಕಿ ಮುಚ್ಚಿ, ಮೊಬೈಲನ್ನು ಸ್ಟೀಲ್ ಡಬ್ಬಿಯಲ್ಲಿ ನಿಲ್ಲಿಸಿ ಎದುರಿಗೆ ಕೂತೆ. ಒಬ್ಬಳೇ ಕೇಳಿಬಿಡುತ್ತೇನೆ, ಬೈಗುಳವಿದ್ದರೆ ನನ್ನೊಳಗೇ ಇರಲಿ. ಬೆರಳು ಹತ್ತಿರ ಹೋಗುವುದು, ಹಿಂದೆ ಬರುವುದು. ಎಷ್ಟು ಹೊತ್ತು ಕೂತೆನೋ, ಒಲೆಯ ಮೇಲಿನ ಅನ್ನ ಸೀದ ವಾಸನೆ ಬಂದಾಗಲೇ ಎದ್ದದ್ದು. ಪಾತ್ರೆಗೆ ನೀರು ಹಾಕುತ್ತಾ ನಿಂತಾಗ ಅನಿಸಿತು: ಒಬ್ಬಳೇ ಕೂತು ನೋಡಿದ್ದರಲ್ಲಿ ಮೂರು ಹೆಸರು ಕಳೆದೆ. ಇದರಲ್ಲಿ ಏನೇನು ಕಳೆಯುತ್ತೇನೋ. ಇವಳ ದನಿಯಲ್ಲಿ ಒಂದು ಅಕ್ಷರ ಕಳೆದರೂ ನಾನು ಬದುಕಿ ಏನು ಮಾಡಲಿ?

ಸೋಮವಾರ ಹತ್ತನೇ ಕ್ಲಾಸಿನ ಕೊನೆಯ ದಿನ. ಆ ದಿನ ಹಾಜರಿ ಮುಗಿಸಿ ಮಕ್ಕಳು ಪರೀಕ್ಷೆಗೆ ಓದಲು ಮನೆಗೆ ಹೋದರೆ ಮತ್ತೆ ಒಟ್ಟಿಗೆ ಸಿಗುವುದಿಲ್ಲ. ಅವತ್ತು ಎಣ್ಣೆ ಹಚ್ಚಿ ಬಾಚಿಕೊಂಡು ನಿಂತಿದ್ದ ಏಳನೇ ಕ್ಲಾಸು ಇದೇ. ಇಬ್ಬರು ಊರು ಬಿಟ್ಟಿದ್ದಾರೆ, ಮೂವತ್ತೊಂಬತ್ತು ಮಂದಿ ಇದ್ದಾರೆ. ನಾನು ಬಾಗಿಲಲ್ಲೇ ನಿಂತೆ. ಕಿವಿಗೆ ಕರೆಯುವವರು ಒಳಗೆ ಹೋಗುವುದಿಲ್ಲ, ಬಾಗಿಲಲ್ಲಿ ನಿಂತೇ ಕರೆಯಬೇಕು.

“ನಾನು ಕಿವಿಗೆ ಕರೆಯೋಕೆ ಬಂದಿದೀನಿ” ಅಂದೆ. “ದಾಕ್ಷಾಯಣಿ ಮೇಡಂದು. ಎಲ್ಲರೂ ಇರಿ. ಮೂರು ಜನ ಪಾಲು ಹಿಡೀಬೇಕು.”

ಆಸಿಯಾ ಕೈಯೆತ್ತಿದಳು. ಕೇಳಿದ್ದನ್ನು ಒಂದಕ್ಷರ ಬಿಡದೆ ಹೇಳುವ ಹುಡುಗಿ, ಅವಳಿಗೆ ಮಾತು ಕೊಟ್ಟೆ. ಎಲ್ಲ ಮೇಷ್ಟ್ರುಗಳ ಅನುಕರಣೆ ಮಾಡಿ ಒದೆ ತಿಂದಿದ್ದ ಮಧುಕೇಶನಿಗೆ ದನಿ ಕೊಟ್ಟೆ. ಕೊನೆಯ ಬೆಂಚಿನಲ್ಲಿ ಯಾವಾಗಲೂ ಬಾಯಿ ಮುಚ್ಚಿ ಕೂರುವ ತುಂಗಾ ತಾನಾಗಿ ಎದ್ದು ಬಂದಳು. “ಹಿಂದಿನ ಸದ್ದು ನಾನು ಹಿಡೀತೀನಿ ಮಿಸ್” ಅಂದಳು. ನನಗೆ ನಾನು ಯಾವ ಪಾಲನ್ನೂ ಇಟ್ಟುಕೊಳ್ಳಲಿಲ್ಲ. ಕರೆದ ಮನೆಯವರು ಸುಮ್ಮನೆ ಕೇಳಬೇಕು, ಅದು ಪದ್ಧತಿ.

ಡಬ್ಬಿಯನ್ನು ಮೇಜಿನ ಮೇಲಿಟ್ಟೆ. ಒತ್ತಿದೆ.

“ಇಂದೂ” ಅಂದಳು ದಾಕ್ಷಾಯಣಿ.

ನಿಜ ಹೇಳುತ್ತೇನೆ, ಅದೊಂದೇ ನನಗೆ ಕೇಳಿಸಿದ್ದು. ಮೂರು ವರ್ಷದಿಂದ ಆ ಹೆಸರನ್ನು ಯಾರೂ ಕರೆದಿರಲಿಲ್ಲ. ಆಮೇಲೆ ನನ್ನ ಕಿವಿಯೊಳಗೆ ಗಿರಣಿ ತಿರುಗಿದ ಹಾಗೆ ಒಂದೇ ಸದ್ದು, ಕಣ್ಣು ಕತ್ತಲೆ. ಮೇಜು ಹಿಡಿದುಕೊಂಡು ನಿಂತಿದ್ದೆ. ಮಕ್ಕಳ ತುಟಿಗಳು ಸಣ್ಣಗೆ ಅಲ್ಲಾಡುತ್ತಿದ್ದವು, ಹಿಡಿದಿಟ್ಟುಕೊಳ್ಳುತ್ತಿದ್ದರು. ಡಬ್ಬಿ ಸುಮ್ಮನಾಯಿತು. ಅವಳ ದನಿ ಈ ಊರಿನಲ್ಲಿ ಮುಗಿದಿತ್ತು, ನಾನು ಅದನ್ನು ಕೇಳಿರಲಿಲ್ಲ.

“ಒಪ್ಪಿಸಿ” ಅಂದೆ.

ಆಸಿಯಾ ಕೈಕಟ್ಟಿ ನಿಂತು ಕಣ್ಣು ಮುಚ್ಚಿದಳು. “ಇಂದೂ, ನಾನು ಕಣೇ. ಉಸಿರು ಹಿಡೀತಾ ಇದೆ, ನಿಧಾನಕ್ಕೆ ಹೇಳ್ತೀನಿ. ನೀನು ಅವತ್ತು ನೋಡಿದೀಯ ಅಂತ ನಂಗೆ ಅವತ್ತೇ ಗೊತ್ತಾಯ್ತು. ಬಾಗಿಲು ತೆಗೆದಾಗ ನಿನ್ ಮುಖ ನೋಡ್ದೆ. ಯಾರೋ ಬಂದು ಮಾತಾಡಿಸಿ ಹೋದಂಗಿತ್ತು. ನಂಗೆ ಸಿಟ್ಟು ಬಂದಿದ್ದು ನೀನು ನೋಡಿದ್ದಕ್ಕಲ್ಲ, ನನ್ ಹತ್ರ ಸುಳ್ಳು ಹೇಳಿದ್ಯಲ್ಲ, ಅದಕ್ಕೆ.” ಅಲ್ಲಿಗೆ ಆಸಿಯಾಳ ದನಿ ನಿಧಾನವಾಯಿತು. ಏನನ್ನು ಒಪ್ಪಿಸುತ್ತಿದ್ದೇನೆ ಅಂತ ಅವಳಿಗೆ ಈಗ ತಿಳಿಯಿತು. ಕಣ್ಣು ತೆರೆದು ನನ್ನನ್ನು ನೋಡಿದಳು. ಇಡೀ ಕ್ಲಾಸು ನನ್ನನ್ನು ನೋಡಿತು.

“ನಿಲ್ಲಿಸಬೇಡ” ಅಂದೆ.

“ಸಾಕು ಬಿಡು, ಸಿಟ್ಟು ಮುಗೀತು. ಫೈಲು ಕೆಟ್ಟಿದ್ರೆ ಯಾರಿಗೂ ಸಿಗ್ತಿರಲಿಲ್ಲ. ಈಗ ನಿನ್ ಹತ್ರ ಆದ್ರೂ ಇದೆ. ನಮ್ ಮಕ್ಕಳ ಹೆಸರು ಕರೆದ್ರಾ? ಎಲ್ಲಾರದೂ ಕರೆದ್ರಾ? ಬಂದು ಒಪ್ಪಿಸೇ. ಕುರ್ಚಿ ಹಾಕಿಸಿದೀನಿ. ಬರ್ತಾ ನಿನ್ ಚಟ್ನಿಪುಡಿ ತಗೊಂಬಾ, ಇಲ್ಲಿ ಎಲ್ಲಾ ಸಪ್ಪೆ.” ಆಸಿಯಾ ಕೈಬಿಟ್ಟಳು. “ಅಷ್ಟೇ ಮಿಸ್.”

ಮಧುಕೇಶ ತಲೆ ತಗ್ಗಿಸಿ ನಿಂತಿದ್ದ. “ದನಿ ಸಣ್ಣಗಿತ್ತು ಮಿಸ್. ಕೆಮ್ಮು ನುಂಗ್ತಾ ಇದ್ರು. ಸುಳ್ಳು ಅನ್ನೋವಾಗ ಸ್ವಲ್ಪ ಗಟ್ಟಿಯಾಯ್ತು. ಬಂದು ಒಪ್ಪಿಸೇ ಅನ್ನೋವಾಗ ನಗ್ತಿದ್ರು.” ಅನುಕರಣೆ ಮಾಡಿ ತೋರಿಸು ಅಂತ ಯಾರೋ ಪಿಸುಗುಟ್ಟಿದರು. ಅವನು ಆಗಲ್ಲ ಅಂತ ತಲೆಯಾಡಿಸಿದ.

“ಹಿಂದೆ ಕುಕ್ಕರಿನ ಸೀಟಿ ಎರಡು ಸಲ ಬಂತು” ಅಂದಳು ತುಂಗಾ. “ಕುರ್ಚಿ ಹಾಕಿಸಿದೀನಿ ಅಂದಾಗ ಕುರ್ಚಿ ಎಳೆದ ಸದ್ದು ಬಂತು. ಅವರೇ ಎಳೆದು ತೋರಿಸಿದ್ರು ಅನ್ಸುತ್ತೆ. ಮತ್ತೆ ಮೊದಲನೇದು ಮಿಸ್, ಇಂದೂ ಅಂತ ಕರೆದು ಸುಮಾರು ಹೊತ್ತು ಏನೂ ಮಾತಾಡಲಿಲ್ಲ. ನೀವು ಓ ಅಂತೀರ ಅಂತ ಕಾದಂಗಿತ್ತು.”

ನಾನು ಕುರ್ಚಿಯಲ್ಲಿ ಕೂತು ಅತ್ತೆ. ಮಕ್ಕಳೆದುರು ಹಾಗೆ ಅಳಬಾರದು ಅಂತ ಬೇರೆಯವರಿಗೆ ಟಿಪ್ಸ್ ಕೊಡಬಹುದು. ಇಪ್ಪತ್ತು ನಿಮಿಷದ ದಾರಿ. ಎರಡು ದಿನ ಅವಳು ಕುರ್ಚಿ ಹಾಕಿಕೊಂಡು ಕಾದಳು, ನಾನು ನನ್ನ ಮಾನ ಕಾದುಕೊಂಡು ಕೂತಿದ್ದೆ. ಆ ಮಾನವಾದರೂ ಯಾರಿಗೆ ಬೇಕಾಗಿತ್ತು?

ಕೊನೆಗೆ ಆಸಿಯಾ ಕೇಳಿದಳು. “ನನ್ ಹೆಸರು ಕರೆದ್ರಾ ಮಿಸ್?”

ಕನ್ನಡಕದ ಡಬ್ಬಿಯಿಂದ ಹಾಳೆ ತೆಗೆದೆ. ಮಡಿಕೆಯಲ್ಲಿ ಹರಿದಿತ್ತು. ಎದ್ದು, ಅವಳು ಈಗಷ್ಟೇ ನಿಂತಿದ್ದ ಜಾಗದಲ್ಲಿ ಅವಳ ಹಾಗೆಯೇ ಕೈಕಟ್ಟಿ ನಿಲ್ಲಲು ಹೋದೆ, ಹಾಳೆ ಹಿಡಿಯಬೇಕಾದ್ದರಿಂದ ಆಗಲಿಲ್ಲ. “ಅವರು ಕರೆದ ಸಾಲಿನಲ್ಲೇ ಒಪ್ಪಿಸ್ತೀನಿ, ನಿಂದು ಬರುತ್ತೆ” ಅಂದೆ. “ಮೊದಲು ಹಲ್ಲು ಬಿದ್ದ ಹುಡುಗಿ, ನಮಸ್ತೇ ಟೀ…” ನೀರು ಕುಡಿದು ಮತ್ತೆ ಶುರುಮಾಡಿದೆ.

ಒಂದೊಂದು ಹೆಸರನ್ನೂ ಓದಿ ಅವರು ಬಿಟ್ಟಷ್ಟೇ ಹೊತ್ತು ಸುಮ್ಮನಿದ್ದೆ. ಮೊದಲ ಎರಡು ಹೆಸರಿಗೆ ಯಾರೂ ಏನೂ ಅನ್ನಲಿಲ್ಲ. ಮೂರನೆಯದು ಮಧುಕೇಶನದು. ಅವನು ಎದ್ದು, ಮೀಸೆ ಮೂಡುತ್ತಿರುವ ಹುಡುಗ, ನಾಚಿಕೊಂಡು “ಹಾಜರ್” ಅಂದ. ಆಮೇಲೆ ಎಲ್ಲರೂ ಅಂದರು, ಮೊದಲ ಇಬ್ಬರೂ ಎದ್ದು ಅಂದರು. ಆಸಿಯಾಳನ್ನು ಕರೆದವನು ಕೆಂಪು ಟೋಪಿಯ ಹುಡುಗ, ಅವಳ ಹೆಸರನ್ನು ಕಿಟಕಿಯ ಗಾಜಿನ ಮಂಜಿನ ಮೇಲೆ ಬೆರಳಿನಿಂದ ಬರೆದು ತೋರಿಸಿದ್ದ. ಹೇಳಿದೆ. ಅವಳು ಹಾಜರ್ ಅಂದು ಬಹಳ ಹೊತ್ತು ನಿಂತೇ ಇದ್ದಳು. ಊರು ಬಿಟ್ಟ ಇಬ್ಬರ ಹೆಸರಿಗೆ ಅವರ ಪಕ್ಕದಲ್ಲಿ ಕೂರುತ್ತಿದ್ದವರು ಎದ್ದರು.

ಹಾಳೆಯ ಕೆಳತುದಿಗೆ ಬರುತ್ತಿದ್ದಾಗ ತುಂಗಾ ಕೈಯೆತ್ತಿದಳು. “ನಂದು ಇನ್ನೂ ಬಂದಿಲ್ಲ ಮಿಸ್.”

ನನಗೆ ಗೊತ್ತಿತ್ತು. ಸಿಗದ ಮೂರರಲ್ಲಿ ಅವಳದೊಂದು. ಹಸಿರು ಸ್ವೆಟರಿನ ಹುಡುಗಿ ಕರೆದಳು, ಕೈಬೀಸಿದಳು ಅಂತ ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಗೇ ಬಂದಿತ್ತು. ಯಾರೂ ಚೆಕ್ ಮಾಡುವಂತಿರಲಿಲ್ಲ, ಮಗುವಿಗೂ ಸಮಾಧಾನ.

“ನಿನ್ ಹೆಸರು ಕರೆದ್ರು ಕಣಮ್ಮ” ಅಂದೆ. “ಎಲ್ಲರದೂ ಕರೆದ್ರು, ಅದು ನಂಗೆ ಗೊತ್ತು. ಯಾರು ಕರೆದ್ರು, ಏನಂದ್ರು ಅನ್ನೋದು ನನ್ ಹತ್ರ ಇಲ್ಲ. ನಾನು ಒಬ್ಬಳೇ ಇದ್ದೆ, ಹಿಡಿಯೋಕಾಗಲಿಲ್ಲ. ನಿಂದು ನಾನು ಕಳೆದೆ.”

ತುಂಗಾ ಎದ್ದು ನಿಂತಳು. ಹಾಜರ್ ಅನ್ನುತ್ತಾಳೇನೋ ಅಂತ ಕಾದೆ. ಅನ್ನಲಿಲ್ಲ. “ನೀವು ಒಬ್ಬರೇ ನೋಡಬಾರದಿತ್ತು ಮಿಸ್” ಅಂದಳು.

“ಹೌದು ತುಂಗಾ. ನೋಡಬಾರದಿತ್ತು.”

ಅವಳು ಸ್ವಲ್ಪ ಹೊತ್ತು ಹಾಗೇ ನಿಂತಿದ್ದಳು. ಆ ಮಕ್ಕಳು ಹೆಸರು ಕರೆದು ಬಿಡುತ್ತಿದ್ದಷ್ಟೇ ಹೊತ್ತು. ಆಮೇಲೆ ಕೂತು, ಎರಡೂ ಕೈಗಳನ್ನು ಬೆಂಚಿನ ಮೇಲಿಟ್ಟುಕೊಂಡು, “ಮುಂದಿನದು ಓದಿ” ಅಂದಳು.

ಇನ್ನು ನಾಲ್ಕು ಹೆಸರು ಉಳಿದಿದ್ದವು. ಕನ್ನಡಕ ಒರೆಸಿಕೊಂಡು ಮುಂದಿನ ಹೆಸರು ಓದಿದೆ.